ಕೆರೆಗೆ ಇಳಿಯುವ ಗೊಬ್ಬರವನ್ನು ತಡೆಯೋದು ದಡದಲ್ಲೋ, ಅಂಗಡಿಯಲ್ಲೋ?

ಅಮೆರಿಕದ ಮಿನೆಸೋಟಾದಲ್ಲಿ ಹಿಮ ಕರಗಿ ನೆಲ ಕಾಣಿಸಿಕೊಂಡ ಕೂಡಲೇ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಲಾನ್, ಅಂದರೆ ಮನೆ ಅಂಗಳದ ಹುಲ್ಲುಹಾಸಿನ, ಗೊಬ್ಬರದ ಚೀಲಗಳು ಆಳೆತ್ತರ ಪೇರಿಸಿ ನಿಲ್ಲುತ್ತವೆ. ಒಂದು ಚೀಲ ತಿರುಗಿಸಿ ನೋಡಿ. ಮೂರು ಅಂಕಿ ಇರುತ್ತವೆ, 32-0-4 ಅಂತಲೋ ಇನ್ನೊಂದೋ. ಊರಲ್ಲಿ ಹೊಲ, ತೋಟ ಇದ್ದವರಿಗೆ ಈ ಲೆಕ್ಕ ಹೊಸದಲ್ಲ. ನಮ್ಮ ಡಿಎಪಿ 18-46-0, ಸೊಸೈಟಿಯಲ್ಲಿ "ಹದಿನೇಳು ಹದಿನೇಳು" ಅಂತ ಕೇಳಿ ತರುವ ಕಾಂಪ್ಲೆಕ್ಸ್ 17-17-17. ಮೊದಲನೆಯದು ಸಾರಜನಕ, ನಡುವಿನದು ರಂಜಕ, ಕೊನೆಯದು ಪೊಟ್ಯಾಷ್. ಮಿನೆಸೋಟಾದ ಲಾನ್ ಚೀಲಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ನಡುವಿನ ಅಂಕಿ ಸೊನ್ನೆ. ಹಿಂದೆ ಹಾಗಿರಲಿಲ್ಲ. ಅದರ ಹಿಂದೆ ಒಂದು ಕಾನೂನು ಇದೆ.

ಕೆರೆ, ಹೊಳೆಗಳ ಹತ್ತಿರ ಗೊಬ್ಬರ ಹಾಕೋದಕ್ಕೆ ಅಮೆರಿಕದ ಎಷ್ಟೋ ಊರುಗಳಲ್ಲಿ, ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ನಿಯಮಗಳಿವೆ. ಕೆಲವು ಕೆಲಸ ಮಾಡಿವೆ. ಕೆಲವು ಫಲಕದ ಮೇಲಷ್ಟೇ ಉಳಿದಿವೆ. ಯಾವುದು ನಡೀತು, ಯಾವುದು ನಡೀಲಿಲ್ಲ ಅಂತ ನೋಡುತ್ತಾ ಹೋದರೆ ನನಗೆ ಕಾಣಿಸೋದು ಇಷ್ಟು: ಜನರ ಅಂಗಳಕ್ಕೆ ಹೋಗಿ ಕಾವಲು ಕಾಯಬೇಕಾದ ನಿಯಮ ಸೋಲುತ್ತದೆ, ಅಂಗಡಿಯ ಕಪಾಟನ್ನೇ ಬದಲಿಸುವ ನಿಯಮ ಸದ್ದಿಲ್ಲದೆ ಗೆಲ್ಲುತ್ತದೆ. ಆದರೆ ಗೆದ್ದ ನಿಯಮಕ್ಕೂ ಒಂದು ಮಿತಿ ಇದೆ, ಯಾಕೆಂದರೆ ಕೆರೆ ಪಾಚಿಗಟ್ಟಿ ಹಸಿರಾಗೋದು ಲಾನ್ ಒಂದರಿಂದಲೇ ಅಲ್ಲ.

ಮೊದಲು ರಂಜಕವೇ ಯಾಕೆ ಅನ್ನೋದನ್ನು ನೋಡೋಣ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕಂತಲೇ ಬಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ಸಂಖ್ಯೆಯ ಕೆರೆ ನಡುವೆ ಸೊಂಟದ ಹಾಗೆ ಕಿರಿದಾದ ಆಕಾರದ್ದು. 1973ರಲ್ಲಿ ಕೆರೆಗಳ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಆ ಸೊಂಟಕ್ಕೆ ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆ ಪಾಚಿ ಬೆಳೆದು ನೀರು ಪೂರ್ತಿ ಹಸಿರಾಯಿತು, ಪರದೆಯ ಈಚೆ ಕಡೆ ಮೊದಲಿನಂತೆ ಕಪ್ಪಗೇ ಇತ್ತು. ವಿಮಾನದಿಂದ ತೆಗೆದ ಆ ಫೋಟೋ ನೋಡಿದವರಿಗೆ ಬೇರೆ ವಾದ ಬೇಕಾಗಲಿಲ್ಲ. ಸಿಹಿನೀರಿನ ಕೆರೆಯಲ್ಲಿ ಪಾಚಿಗೆ ಸಾಮಾನ್ಯವಾಗಿ ಕೊರತೆ ಇರೋದು ರಂಜಕದ್ದು. ಅದು ಸಿಕ್ಕರೆ ಉಳಿದದ್ದನ್ನು ಅದೇ ಹೇಗೋ ಹೊಂದಿಸಿಕೊಳ್ಳುತ್ತದೆ. ಕೆಲವು ನೀಲಿಹಸಿರು ಪಾಚಿಗಳಂತೂ ಸಾರಜನಕವನ್ನು ಗಾಳಿಯಿಂದಲೇ ಹಿಡಿಯುತ್ತವೆ.

ಆಗ ಮೊದಲು ಸಿಕ್ಕಿಬಿದ್ದಿದ್ದು ಬಟ್ಟೆ ಸೋಪಿನ ಪುಡಿ, ಅಂದರೆ ಫಾಸ್ಫೇಟ್ (ರಂಜಕದ ಸಂಯುಕ್ತ) ಇರುವ ಡಿಟರ್ಜೆಂಟ್. ಬೆಂಗಳೂರಿನವರಿಗೆ ಇದು ದೂರದ ಕಥೆ ಅಲ್ಲ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ ಅದರ ಹಿಂದೆ ಇದ್ದದ್ದು ಶುದ್ಧೀಕರಿಸದ ಕೊಳಚೆನೀರು, ಜೊತೆಗೆ ಡಿಟರ್ಜೆಂಟ್. ಅಲ್ಲಿ ಗೊಬ್ಬರದ ನಿಯಮ ತಂದರೆ ಏನೂ ಆಗೋದಿಲ್ಲ. ಯಾವ ಕೆರೆಗೆ ಯಾವ ಬಾಗಿಲಿಂದ ರಂಜಕ ಬರುತ್ತಿದೆ ಅಂತ ನೋಡದೆ ನಿಯಮ ಮಾಡಬಾರದು ಅನ್ನೋದಕ್ಕೆ ಇಷ್ಟು ಸಾಕು.

ಮಿನೆಸೋಟಾಕ್ಕೆ ವಾಪಸ್ ಬರೋಣ. "ಹತ್ತು ಸಾವಿರ ಕೆರೆಗಳ ನಾಡು" ಅಂತ ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡಿರುವ ರಾಜ್ಯ ಅದು. ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್ ಊರು 1990ರ ದಶಕದಲ್ಲೇ ಲಾನ್‌ಗೆ ರಂಜಕ ಹಾಕೋದನ್ನು ನಿರ್ಬಂಧಿಸಿತ್ತು. ಪಕ್ಕದ ಮೇಪಲ್ ಗ್ರೋವ್‌ನಲ್ಲಿ ನಿಯಮ ಇರಲಿಲ್ಲ (ಅಲ್ಲಿನ ಕನ್ನಡಿಗರಿಗೆ ಮೇಪಲ್ ಗ್ರೋವ್ ಅಂದರೆ ಹಿಂದೂ ದೇವಸ್ಥಾನದ ಊರು). ಎರಡು ಊರುಗಳ ಮಣ್ಣು, ಮನೆ, ಮಳೆ ಎಲ್ಲ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಎರಡೂ ಕಡೆಯ ಮಳೆನೀರನ್ನು ಅಳೆದು ಹೋಲಿಸಿದರು. ನಿಯಮ ಇದ್ದ ಕಡೆ ಹರಿದುಹೋದ ರಂಜಕ ಕಡಿಮೆ ಇತ್ತು, ಆದರೆ ಭಾರೀ ಕಡಿಮೆ ಏನಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ಊರೂರಿಗೆ ಒಂದೊಂದು ನಿಯಮ ಬಂದಾಗ ಗೊಬ್ಬರದ ಕಂಪನಿಗಳಿಗೆ, ಲಾನ್ ನೋಡಿಕೊಳ್ಳುವ ಗುತ್ತಿಗೆದಾರರಿಗೆ ತಲೆನೋವು. ಕೊನೆಗೆ 2002ರಲ್ಲಿ ರಾಜ್ಯವೇ ಕಾನೂನು ಮಾಡಿತು. 2004ರಿಂದ ಮಿನಿಯಾಪೊಲಿಸ್-ಸೇಂಟ್ ಪಾಲ್ ಸುತ್ತಲಿನ 7 ಕೌಂಟಿಗಳಲ್ಲಿ, 2005ರಿಂದ ಇಡೀ ರಾಜ್ಯದಲ್ಲಿ ಲಾನ್‌ಗೆ ರಂಜಕ ಹಾಕುವಂತಿಲ್ಲ. ವಿನಾಯಿತಿ ಇದೆ. ಹೊಸದಾಗಿ ಹುಲ್ಲು ಹಾಕುತ್ತಿದ್ದರೆ ಮೊದಲ ವರ್ಷ ಹಾಕಬಹುದು. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಹಾಕಬಹುದು. ತರಬೇತಿ ಪಡೆದ ಸಿಬ್ಬಂದಿ ಇರುವ ಗಾಲ್ಫ್ ಮೈದಾನಕ್ಕೂ ಬಿಡುವು. ಹೊಲಗದ್ದೆಗಳಿಗಂತೂ ಕಾನೂನು ಅನ್ವಯಿಸೋದೇ ಇಲ್ಲ.

ಈಗ ಯೋಚನೆ ಮಾಡಿ, ಒಬ್ಬೊಬ್ಬರ ಅಂಗಳದಲ್ಲಿ ಯಾವ ಗೊಬ್ಬರ ಬಿತ್ತು ಅಂತ ನೋಡೋಕೆ ಯಾರು ಬರ್ತಾರೆ? ಯಾರೂ ಬರೋದಿಲ್ಲ. ಆದರೂ ಮಿನೆಸೋಟಾದಲ್ಲಿ ಲಾನ್ ಗೊಬ್ಬರದ ಮೂಲಕ ಬಳಕೆಯಾದ ರಂಜಕ 2003ರಲ್ಲಿ 292 ಟನ್ ಇದ್ದದ್ದು 2006ಕ್ಕೆ 151 ಟನ್‌ಗೆ ಇಳಿಯಿತು ಅಂತ ರಾಜ್ಯದ ಕೃಷಿ ಇಲಾಖೆ ಶಾಸಕರಿಗೆ ವರದಿ ಕೊಟ್ಟಿತು. ಕಾನೂನು ಮಾರಾಟವನ್ನು ತಡೆದಿರಲಿಲ್ಲ, ಬಳಕೆಯನ್ನು ಮಾತ್ರ. ಆದರೆ ಮನೆಗೆ ಹಾಕೋಕೆ ಆಗದ ಚೀಲವನ್ನು ಅಂಗಡಿಯವನು ಯಾಕೆ ಇಟ್ಟುಕೊಳ್ಳುತ್ತಾನೆ? ಕಪಾಟು ತಾನಾಗೇ ಬದಲಾಯಿತು. ಜನ ಮೊದಲಿನ ಹಾಗೇ ಹೋಗಿ, ಮೊದಲಿನ ಕಂಪನಿಯದೇ ಚೀಲವನ್ನು, ಬಹುಪಾಲು ಅಂಕಿ ನೋಡದೆಯೇ ತಂದು ಹಾಕಿದರು. ಹುಲ್ಲು ಹಸಿರಾಗೇ ಇತ್ತು. ಅಲ್ಲಿನ ಮಣ್ಣಿನಲ್ಲಿ ರಂಜಕ ಮೊದಲೇ ಬೇಕಾದಷ್ಟು ಇತ್ತಲ್ವಾ, ಹಾಗಾಗಿ ಯಾರಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಯಾರ ಸ್ವಭಾವವನ್ನೂ ತಿದ್ದಬೇಕಾಗದ ಕಾನೂನು ಇದು.

ಮಿಷಿಗನ್‌ನ ಆನ್ ಆರ್ಬರ್ ಊರಿನ ನಿಯಮ 2007ರಲ್ಲಿ ಜಾರಿಗೆ ಬಂತು. ಅಲ್ಲಿ ಅದೃಷ್ಟಕ್ಕೆ ಹ್ಯೂರನ್ ನದಿಯ ಹಳೆಯ ಅಳತೆಗಳು ಇದ್ದವು. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಲೀಮನ್ ತಂಡ 2008ರ ಬೇಸಿಗೆಯಲ್ಲಿ ಮತ್ತೆ ಅಳೆದು ನೋಡಿದಾಗ ನದಿಯ ರಂಜಕ ಸರಾಸರಿ ನೂರಕ್ಕೆ 28ರಷ್ಟು ಕಡಿಮೆಯಾಗಿತ್ತು. ಅಷ್ಟೂ ಗೊಬ್ಬರದ ನಿಯಮದಿಂದಲೇ ಅಂತ ಅವರೂ ಹೇಳಲಿಲ್ಲ. ಅದೇ ಹೊತ್ತಿಗೆ ಊರಿನವರಿಗೆ ತಿಳಿವಳಿಕೆ ಕೊಡುವ ಕೆಲಸವೂ ನಡೆದಿತ್ತು. ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿಯಿತು. 2012ರಿಂದ ಅಲ್ಲಿ ರಂಜಕ ಇರುವ ಲಾನ್ ಗೊಬ್ಬರವನ್ನು ಅಂಗಡಿಯವರು ಬೇರೆ ಇಡಬೇಕು, ಪಕ್ಕದಲ್ಲಿ ಫಲಕ ಹಾಕಬೇಕು. ಅಷ್ಟು ಹೊತ್ತಿಗೆ ಲಾನ್ ಗೊಬ್ಬರದ ದೊಡ್ಡ ಕಂಪನಿ ಸ್ಕಾಟ್ಸ್ ಮಿರಾಕಲ್-ಗ್ರೋ ತನ್ನ ಮಾಮೂಲಿ ಲಾನ್ ಗೊಬ್ಬರಗಳಿಂದ ರಂಜಕವನ್ನೇ ತೆಗೆಯೋ ನಿರ್ಧಾರ ಮಾಡಿತ್ತು. ಒಂದೊಂದು ರಾಜ್ಯಕ್ಕೆ ಒಂದೊಂದು ಚೀಲ ತಯಾರಿಸೋದಕ್ಕಿಂತ ಎಲ್ಲ ಕಡೆಗೂ ಒಂದೇ ಚೀಲ ಅಗ್ಗ. ಯಾವ ನಿಯಮವೂ ಇಲ್ಲದ ಊರಿನವರಿಗೂ ಈಗ ಸೊನ್ನೆಯ ಚೀಲವೇ ಸಿಗುತ್ತದೆ. ಒಂದು ಪುಟ್ಟ ಊರಿನ ಕೌನ್ಸಿಲ್‌ನಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ.

ಇನ್ನು ಫ್ಲಾರಿಡಾ. ಅಲ್ಲಿನ ಜಗಳವೇ ಬೇರೆ. ಅಲ್ಲಿ ಹೊಳೆ, ಕಾಲುವೆಗಳ ನೀರು ಹೋಗಿ ಸೇರೋದು ಸಮುದ್ರದ ಕೊಲ್ಲಿಗೆ, ಹಿನ್ನೀರಿಗೆ. ಉಪ್ಪುನೀರಿನಲ್ಲಿ ಪಾಚಿಗೆ ಸಾಮಾನ್ಯವಾಗಿ ಕೊರತೆ ಇರೋದು ಸಾರಜನಕದ್ದು. ಲಾನ್‌ನಿಂದ ರಂಜಕ ತೆಗೆದರೆ ಹುಲ್ಲಿಗೆ ಗೊತ್ತಾಗೋದಿಲ್ಲ, ಆದರೆ ಸಾರಜನಕ ತೆಗೆದರೆ ಹುಲ್ಲು ಹಳದಿ ತಿರುಗುತ್ತದೆ. ಬಡಾವಣೆ ಸಂಘದಿಂದ ನೋಟಿಸ್ ಬರುತ್ತದೆ. ಟ್ಯಾಂಪಾ ಕಡೆ ಮನೆ ಮಾಡಿರುವ ನಮ್ಮವರನ್ನು ಕೇಳಿ, ಅಂಗಳದ ಹುಲ್ಲಿನ ಬಣ್ಣಕ್ಕೆ ಅಲ್ಲಿ ಎಷ್ಟು ಬೆಲೆ ಅಂತ ಹೇಳ್ತಾರೆ.

ಸರಸೋಟಾ ಕೌಂಟಿ 2007ರಲ್ಲಿ ಒಂದು ನಿಯಮ ಮಾಡಿತು. ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಲಾನ್‌ಗೆ ಸಾರಜನಕವೂ ಇಲ್ಲ, ರಂಜಕವೂ ಇಲ್ಲ. ಅದು ಅಲ್ಲಿನ ಬೇಸಿಗೆ, ಮಳೆಗಾಲವೂ ಅದೇ, ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಧ್ಯಾಹ್ನ ಗೊಬ್ಬರ ಹಾಕಿದರೆ ಸಂಜೆ ಅದು ಚರಂಡಿಯಲ್ಲಿ. ಪಿನೆಲಾಸ್ ಕೌಂಟಿ 2010ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ನಾಲ್ಕು ತಿಂಗಳು ಬಳಸೋದು ಮಾತ್ರವಲ್ಲ, ಮಾರೋದೂ ಇಲ್ಲ ಅಂದಿತು. ಬೇಸಿಗೆಯಲ್ಲಿ ಅಲ್ಲಿನ ಅಂಗಡಿಗೆ ಹೋದರೆ ಮೊದಲ ಎರಡೂ ಅಂಕಿ ಸೊನ್ನೆ ಇರುವ ಚೀಲಗಳು ಸಿಗುತ್ತವೆ. ಹುಲ್ಲಿಗೆ ಬಣ್ಣ ಬರಲಿ ಅಂತ ಅದಕ್ಕೆ ಕಬ್ಬಿಣ, ಮ್ಯಾಂಗನೀಸ್ ಸೇರಿಸಿರುತ್ತಾರೆ. ಹುಲ್ಲು ಬೆಳೆಯದಿದ್ದರೂ ಹಸಿರಾಗಿ ಕಾಣುತ್ತದೆ, ನೋಟಿಸಿನ ಭಯವೂ ಇಲ್ಲ.

ಗೊಬ್ಬರ ಉದ್ಯಮಕ್ಕೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಈ ಮಾರಾಟದ ನಿರ್ಬಂಧವೇ. 2011ರಲ್ಲಿ ಫ್ಲಾರಿಡಾ ಶಾಸನಸಭೆ ಇನ್ನು ಮುಂದೆ ಯಾವ ಕೌಂಟಿಯೂ ಗೊಬ್ಬರದ ಮಾರಾಟವನ್ನು ತಡೆಯುವಂತಿಲ್ಲ ಅಂತ ಕಾನೂನು ತಂದಿತು. ಮೊದಲೇ ಮಾಡಿದ್ದವರು ಉಳಿದುಕೊಂಡರು, ಉಳಿದವರು ಬಳಕೆಯ ನಿಷೇಧವನ್ನಷ್ಟೇ ಹಿಡಿದುಕೊಂಡು ಕೂತರು. ಅಂಗಡಿಯಲ್ಲಿ ಜುಲೈನಲ್ಲೂ ಚೀಲ ರಾಶಿ ಬಿದ್ದಿದೆ, ಗೋಡೆಯ ಮೇಲೆ "ಈಗ ಹಾಕಬೇಡಿ" ಅನ್ನೋ ಫಲಕ ಇದೆ. ಇದರಲ್ಲಿ ಯಾವುದು ಗೆಲ್ಲುತ್ತದೆ ಅಂತ ಉದ್ಯಮದವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮಾರಾಟದ ವಿಷಯಕ್ಕೇ ಕೈ ಹಾಕಿದ್ದು.

ಇನ್ನೊಂದು ಕಡೆಯ ವಾದವನ್ನೂ ಹೇಳಿಬಿಡಬೇಕು, ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೇಸಿಗೆಯಲ್ಲಿ ಹುಲ್ಲು ಜೋರಾಗಿ ಬೆಳೆಯುತ್ತದೆ, ಬೇರು ಗೊಬ್ಬರವನ್ನು ಚೆನ್ನಾಗಿ ಹೀರುತ್ತದೆ, ಆಗಲೇ ಬೇಡ ಅಂದರೆ ಹುಲ್ಲು ಸೊರಗಿ ಬರಿ ಮಣ್ಣು ಕೊಚ್ಚಿಹೋಗುತ್ತದೆ ಅಂತ ಹುಲ್ಲಿನ ವಿಜ್ಞಾನಿಗಳು ಹೇಳುತ್ತಾರೆ. ಪ್ರಯೋಗದ ತಾಕಿನಲ್ಲಿ ಅಳತೆ ಮಾಡಿ ಹಾಕಿದಾಗ ಅದು ನಿಜವೇ. ಆದರೆ ಮನೆಯವರು ಅಳತೆ ಮಾಡಿ ಹಾಕ್ತಾರಾ? ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲಾನ್‌ಗೆ ಹಾಯಿಸೋದೇ ಶುದ್ಧೀಕರಿಸಿದ ಚರಂಡಿ ನೀರು, ಅದರಲ್ಲೇ ಸಾರಜನಕ ಇರುತ್ತದೆ. ಅದರ ಮೇಲೆ ಗೊಬ್ಬರವನ್ನೂ ಸುರಿಯುವವರು ಇದ್ದಾರೆ. 2023ರಲ್ಲಿ ಶಾಸನಸಭೆ ಹೊಸ ಬೇಸಿಗೆ ನಿಷೇಧಗಳನ್ನು ಒಂದು ವರ್ಷದ ಮಟ್ಟಿಗೆ ತಡೆದು, ಅಧ್ಯಯನ ಮಾಡಿ ಅಂತ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ 2,50,000 ಡಾಲರ್ ಕೊಟ್ಟಿತು. ಅದಕ್ಕೆ ಎರಡೇ ವರ್ಷ ಮುಂಚೆ, 2021ರಲ್ಲಿ, ಆ ರಾಜ್ಯದಲ್ಲಿ ಒಂದೇ ವರ್ಷಕ್ಕೆ 1,100 ಮನಾಟಿಗಳು, ಅಂದರೆ ಕಡಲಹಸುಗಳು, ಸತ್ತಿದ್ದವು. ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಪಾಚಿ ಬೆಳಕನ್ನು ತಡೆದು ಕಡಲಹುಲ್ಲು ನಾಶವಾಗಿ ಎಷ್ಟೋ ಪ್ರಾಣಿಗಳು ಹಸಿವಿನಿಂದ ಸತ್ತವು. ಮರುಚಳಿಗಾಲದಲ್ಲಿ ಅಧಿಕಾರಿಗಳು ಲೆಟ್ಯೂಸ್ ಸೊಪ್ಪು ಎಸೆದು ಸಾಕಬೇಕಾಯಿತು. ಆ ಹಿನ್ನೀರಿಗೆ ಲಾನ್ ಗೊಬ್ಬರ ಒಂದೇ ಕಾರಣ ಅಲ್ಲ, ಸೆಪ್ಟಿಕ್ ಟ್ಯಾಂಕುಗಳದ್ದೂ, ಕೊಳಚೆಯದ್ದೂ ದೊಡ್ಡ ಪಾಲಿದೆ. ಆದರೂ ಆ ಹೊತ್ತಿನಲ್ಲಿ ಊರಿನವರ ಕೈ ಕಟ್ಟಿದ್ದು ನನಗೆ ಸರಿ ಕಾಣಲಿಲ್ಲ.

ಇಂಥ ಎಷ್ಟೋ ನಿಯಮಗಳಲ್ಲಿ ಇರುವ ಇನ್ನೊಂದು ಅಂಶ ದಡದಿಂದ ಇಷ್ಟು ದೂರ ಬಿಡಬೇಕು ಅನ್ನೋದು. ಫ್ಲಾರಿಡಾದ ಮಾದರಿ ನಿಯಮದಲ್ಲಿ ನೀರಿನಿಂದ 10 ಅಡಿಯೊಳಗೆ ಗೊಬ್ಬರ ಇಲ್ಲ, ಗೊಬ್ಬರ ಎರಚುವ ಗಾಡಿಗೆ ಅಡ್ಡತಟ್ಟೆ ಇದ್ದರೆ 3 ಅಡಿ ಸಾಕು. ಈ ಅಡ್ಡತಟ್ಟೆ ಯಾಕೆ ಅಂದರೆ, ಲಾನ್‌ಗೆ ಗೊಬ್ಬರ ಹಾಕುವ ತಳ್ಳುಗಾಡಿಯ ಕೆಳಗೆ ಒಂದು ಚಕ್ರ ಗಿರಗಿರ ತಿರುಗುತ್ತಾ ಕಾಳುಗಳನ್ನು ಎರಡೂ ಪಕ್ಕಕ್ಕೆ ಎರಚುತ್ತದೆ. ನೀವು ಹುಲ್ಲಿನ ಅಂಚಿನಲ್ಲಿ ತಳ್ಳಿಕೊಂಡು ಹೋದರೆ ಅರ್ಧ ಕಾಳು ಕಾಂಕ್ರೀಟಿನ ಮೇಲೆ ಬೀಳುತ್ತದೆ. ಫುಟ್‌ಪಾತಿನ ಮೇಲೆ ಬಿಳಿ, ಹಳದಿ ಕಾಳುಗಳು ಚೆಲ್ಲಿರೋದನ್ನು ಅಲ್ಲಿ ವಸಂತದಲ್ಲಿ ಬೀದಿ ಬೀದಿಯಲ್ಲೂ ನೋಡಬಹುದು. ಮಿನೆಸೋಟಾ ಕಾನೂನಿನಲ್ಲಿ ಇದಕ್ಕೂ ಒಂದು ಮಾತಿದೆ. ಕಾಂಕ್ರೀಟಿನ ಮೇಲೆ ಬಿದ್ದ ಗೊಬ್ಬರವನ್ನು ಕೂಡಲೇ ಗುಡಿಸಿ ತೆಗೆಯಬೇಕು. ನನಗೆ ಕೇಳಿದರೆ 10 ಅಡಿಯ ನಿಯಮಕ್ಕಿಂತ ಇದೇ ಮುಖ್ಯ. ಕೆರೆಯಿಂದ ಎರಡು ಮೈಲಿ ದೂರದಲ್ಲಿ ಮನೆ ಇರುವವನು ತನಗೂ ಕೆರೆಗೂ ಏನು ಸಂಬಂಧ ಅಂದುಕೊಂಡಿರುತ್ತಾನೆ. ಆದರೆ ಅವನ ಮನೆ ಮುಂದಿನ ಮಳೆನೀರಿನ ಜಾಲರಿಗೆ ಬಿದ್ದದ್ದು ಬಹುಪಾಲು ಊರುಗಳಲ್ಲಿ ಯಾವ ಶುದ್ಧೀಕರಣವೂ ಇಲ್ಲದೆ ನೇರ ಕೆರೆಗೋ ಹೊಳೆಗೋ ಹೋಗುತ್ತದೆ. ಅವನ ಪಾಲಿಗೆ ಕೆರೆಯ ದಡ ಅಂದರೆ ಆ ಜಾಲರಿಯೇ. ಹಾಗಾಗಿ "ಕೆರೆಯ ಹತ್ತಿರ" ಅಂತ ಅಡಿ ಲೆಕ್ಕದಲ್ಲಿ ಗೆರೆ ಎಳೆದಾಗ ನಕ್ಷೆಯೇ ತಪ್ಪಾಗಿರುತ್ತದೆ.

ಸರಿ, ಲಾನ್ ಸುಧಾರಿಸಿತು ಅಂತಲೇ ಇಟ್ಟುಕೊಳ್ಳೋಣ. ಹೊಲಗಳು? 2014ರ ಆಗಸ್ಟ್ 2ರಂದು ಒಹಾಯೊದ ಟೊಲೀಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ ಅಂತ ಆದೇಶ ಬಂತು. ಈರಿ ಸರೋವರದ ಪಾಚಿಯ ವಿಷ ಕುಡಿಯುವ ನೀರಿಗೆ ಸೇರಿತ್ತು. ಕುದಿಸಿದರೆ ಆ ವಿಷ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. 4 ಲಕ್ಷಕ್ಕೂ ಹೆಚ್ಚು ಜನ ಸುಮಾರು ಮೂರು ದಿನ ಬಾಟಲಿ ನೀರಿಗಾಗಿ ಓಡಾಡಿದರು. ಆ ಪಾಚಿಗೆ ಆಹಾರ ಬಂದಿದ್ದು ಹೆಚ್ಚಾಗಿ ಮಾಮೀ ನದಿಯಿಂದ, ಆ ನದಿಗೆ ಬಂದಿದ್ದು ಬಹುಪಾಲು ಮೆಕ್ಕೆಜೋಳ, ಸೋಯಾ ಹೊಲಗಳಿಂದ.

ಟೊಲೀಡೊ ನಗರ ಇದಕ್ಕೆ ಏನು ಮಾಡಬಹುದಿತ್ತು? ತನ್ನ ಗಡಿಯೊಳಗಿನ ಲಾನ್‌ಗಳಿಗೆ ನಿಯಮ ಹಾಕಬಹುದಿತ್ತು, ಅಷ್ಟೇ. ಹೊಲಗಳು ಮೇಲ್ಭಾಗದಲ್ಲಿ, ಬೇರೆ ಕೌಂಟಿಗಳಲ್ಲಿ, ಕೆಲವು ಬೇರೆ ರಾಜ್ಯಗಳಲ್ಲೂ. 1972ರ ರಾಷ್ಟ್ರೀಯ ಶುದ್ಧ ನೀರಿನ ಕಾಯ್ದೆ ಕಾರ್ಖಾನೆಯ ಕೊಳವೆಯನ್ನು ಹಿಡಿಯುತ್ತದೆ, ಹೊಲದಿಂದ ಹರಿದ ಮಳೆನೀರನ್ನು ಬಿಟ್ಟುಬಿಡುತ್ತದೆ. ಬೇಸತ್ತ ಊರಿನವರು 2019ರ ಫೆಬ್ರವರಿಯಲ್ಲಿ ಸರೋವರಕ್ಕೇ ಹಕ್ಕುಗಳಿವೆ ಅಂತ ಮತ ಹಾಕಿ ನಿಯಮ ಮಾಡಿಕೊಂಡರು. ಒಬ್ಬ ರೈತ ಕೋರ್ಟಿಗೆ ಹೋದ, 2020ರಲ್ಲಿ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿಗೆ ಮುಗೀತು.

ಅಧಿಕಾರ ಯಾರ ಕೈಯಲ್ಲಿದೆ ಅನ್ನೋ ಈ ತೊಡಕು ನಮ್ಮಲ್ಲೂ ಇದೆ. ಗೊಬ್ಬರವನ್ನು ನಿಯಂತ್ರಿಸೋದು 1985ರ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶ. ಅದು ನೋಡೋದು ಗುಣಮಟ್ಟ, ಬೆಲೆ, ಮಾರಾಟದ ಪರವಾನಗಿ. ಕೆರೆ ಅಂಚಿನಿಂದ ಎಷ್ಟು ಅಡಿ ಬಿಟ್ಟು ಹಾಕಬೇಕು ಅನ್ನೋದು ಅದರ ವಿಷಯವೇ ಅಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದೂ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದೂ ಕಟ್ಟಡಗಳ ವಿಷಯದಲ್ಲಿ.

ಹೊಲಗಳ ವಿಷಯದಲ್ಲಿ ಮಿನೆಸೋಟಾ ಒಂದು ಪ್ರಯತ್ನ ಮಾಡಿದೆ. 2015ರಲ್ಲಿ ಗವರ್ನರ್ ಮಾರ್ಕ್ ಡೇಟನ್ ಕಾಲದಲ್ಲಿ ಬಂದ ಕಾನೂನಿನ ಪ್ರಕಾರ ಹೊಳೆ, ಕೆರೆಗಳ ಅಂಚಿಗೆ ಸರಾಸರಿ 50 ಅಡಿ, ಸಾರ್ವಜನಿಕ ಕಾಲುವೆಗಳ ಅಂಚಿಗೆ 16.5 ಅಡಿ ಜಾಗದಲ್ಲಿ ರೈತರು ಉಳದೆ ಹುಲ್ಲೋ ಗಿಡವೋ ಬಿಡಬೇಕು. ರೈತರು ಸಿಟ್ಟಾದರು, ನಮ್ಮ ಜಮೀನು ಕಿತ್ತುಕೊಂಡ ಹಾಗೆ ಅಂದರು. ಆದರೂ ಬಹುಪಾಲು ಜನ ಪಾಲಿಸಿದರು. ಯಾಕೆಂದರೆ ಹುಲ್ಲಿನ ಪಟ್ಟಿ ಇದೆಯೋ ಇಲ್ಲವೋ ಅನ್ನೋದು ಮೇಲಿಂದ ತೆಗೆದ ಫೋಟೋದಲ್ಲೇ ಕಾಣುತ್ತದೆ. ಅಂಗಳದ ಗೊಬ್ಬರದ ಹಾಗಲ್ಲ, ಯಾರೂ ಬಾಗಿಲು ತಟ್ಟಬೇಕಾಗಿಲ್ಲ.

ಆದರೆ ನೆಲದ ಕೆಳಗೆ ಏನಿದೆ ಅನ್ನೋದು ಆ ಫೋಟೋದಲ್ಲಿ ಕಾಣೋದಿಲ್ಲ. ಆ ಕಡೆಯ ಜೌಗು ಹೊಲಗಳಲ್ಲಿ ಮೂರ್ನಾಲ್ಕು ಅಡಿ ಆಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಸಾಲಾಗಿ ಹೂತಿರುತ್ತಾರೆ. ಹಿಂದೆ ಮಣ್ಣಿನ ಹೆಂಚಿನ ಕೊಳವೆ ಇರುತ್ತಿತ್ತು, ಅದಕ್ಕೇ ಇಂದಿಗೂ "ಟೈಲ್" ಅಂತಲೇ ಕರೆಯುತ್ತಾರೆ. ಬೇರಿನ ಹತ್ತಿರ ನಿಂತ ನೀರು ಆ ಕೊಳವೆಗೆ ಇಳಿದು, ಮೇಲಿನ ಹುಲ್ಲಿನ ಪಟ್ಟಿಯ ಅಡಿಯಲ್ಲೇ ಹಾದು, ಕಾಲುವೆಗೆ ಬೀಳುತ್ತದೆ. ಜೊತೆಗೆ ಕರಗಿದ ನೈಟ್ರೇಟ್ (ಸಾರಜನಕದ ಸಂಯುಕ್ತ), ಕರಗಿದ ರಂಜಕ. ಹುಲ್ಲಿನ ಪಟ್ಟಿ ಹಿಡಿಯೋದು ಮೇಲೆ ಹರಿಯುವ ಮಣ್ಣನ್ನು ಮತ್ತು ಮಣ್ಣಿಗೆ ಅಂಟಿದ ರಂಜಕವನ್ನು. ಅದೂ ಬೇಕಾದ್ದೇ, ಇಲ್ಲ ಅನ್ನೋಲ್ಲ. ಆದರೆ ಟೊಲೀಡೊದ ಪಾಚಿಗೆ ರುಚಿಸಿದ್ದು ಹೆಚ್ಚಾಗಿ ಕರಗಿದ ರಂಜಕ.

ಊರೊಳಗೂ ಒಂದು ಲೆಕ್ಕ ಬಾಕಿ ಇದೆ. ಲಾನ್ ನಿಯಮ ಬಂದು ವರ್ಷಗಳಾದ ಮೇಲೆ ಮಿನೆಸೋಟಾ ವಿಶ್ವವಿದ್ಯಾಲಯದ ಸಾರಾ ಹಾಬಿ ತಂಡ ಸೇಂಟ್ ಪಾಲ್ ಊರಿನ ಬೀದಿಗಳಿಗೆ ರಂಜಕ ಎಲ್ಲಿಂದ ಬರುತ್ತಿದೆ ಅಂತ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿತು. ಗೊಬ್ಬರದ ಬಾಗಿಲು ಮುಚ್ಚಿದ ಮೇಲೆ ಮುಂದಿನ ದೊಡ್ಡ ಬಾಗಿಲು ಸಾಕುನಾಯಿಗಳ ಹೇಲು. ಕೆಲವು ಕಡೆ ಹೊರಗಿಂದ ಬರುವ ರಂಜಕದಲ್ಲಿ ನೂರಕ್ಕೆ 76ರಷ್ಟು ಅದರದ್ದೇ. ಇನ್ನೊಂದು ಬಾಗಿಲು, ಬೀದಿಯಲ್ಲಿ ಬಿದ್ದ ಎಲೆಗಳು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅಮೆರಿಕದ ಭೂಗರ್ಭ ಇಲಾಖೆ ಮಾಡಿದ ಪ್ರಯೋಗದಲ್ಲಿ ಶರತ್ಕಾಲದಲ್ಲಿ ಮಳೆಗೆ ಮುಂಚೆ ರಸ್ತೆಯ ಎಲೆಗಳನ್ನು ಪೂರ್ತಿ ಗುಡಿಸಿದಾಗ ಮಳೆನೀರಿನಲ್ಲಿ ಹೋಗುವ ರಂಜಕ ನೂರಕ್ಕೆ 84ರಷ್ಟು ಇಳಿಯಿತು. ಒದ್ದೆ ಎಲೆ ಟೀ ಸೊಪ್ಪಿನ ಹಾಗೆ ತನ್ನ ಸಾರ ಬಿಡುತ್ತದೆ, ಆ ಸಾರ ಸೀದಾ ಜಾಲರಿಗೆ. ಪ್ಲಿಮತ್‌ನಲ್ಲಿ ಲಾನ್ ನಿಯಮದಿಂದ ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿ ಕಾಣದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಎಲೆಯೂ ನಾಯಿಯ ಹೇಲೂ ಅಂಗಡಿಯಲ್ಲಿ ಮಾರುವ ಸರಕಲ್ಲ. ಚೀಲದ ಅಂಕಿ ಬದಲಿಸಿ ಗೆದ್ದ ಉಪಾಯ ಇಲ್ಲಿ ನಡೆಯೋದಿಲ್ಲ. ಬೀದಿ ಗುಡಿಸೋಕೆ ಗಾಡಿ ಬೇಕು, ಗಾಡಿಗೆ ಜನ ಬೇಕು, ಅಕ್ಟೋಬರ್-ನವೆಂಬರ್‌ನಲ್ಲಿ ಒಂದೊಂದು ಬೀದಿಗೂ ಪದೇ ಪದೇ ಹೋಗಬೇಕು, ಅದಕ್ಕೆಲ್ಲ ಊರಿನ ಬಜೆಟ್ಟಿನಲ್ಲಿ ದುಡ್ಡು ಇಡಬೇಕು. ಮ್ಯಾಡಿಸನ್ ಸುತ್ತಮುತ್ತ ಸದ್ಯಕ್ಕೆ ಮಳೆ ಬರುವ ಮುಂಚೆ ಜನರ ಫೋನಿಗೆ ಸಂದೇಶ ಹೋಗುತ್ತದೆ: ನಿಮ್ಮ ಮನೆ ಮುಂದಿನ ರಸ್ತೆಯ ಅಂಚಿನಲ್ಲಿರುವ ಎಲೆ ತೆಗೆಯಿರಿ ಅಂತ. ಎಷ್ಟು ಜನ ಪೊರಕೆ ಹಿಡಿದು ಹೊರಗೆ ಬರ್ತಾರೆ ಅನ್ನೋದು ಅವರವರ ಮನಸ್ಸಿಗೆ ಬಿಟ್ಟದ್ದು, ಮತ್ತು ನಿಯಮಗಳು ಸೋತಿರೋದು ಬಹುಪಾಲು ಅಲ್ಲೇ.